ಗೌನು ಮಗನದು, ಪದವಿ ಅಪ್ಪನದು

ಊರಿನಲ್ಲಿ ಒಬ್ಬ ಹುಡುಗ ಪದವಿ ಪಡೆಯಲು ಅರ್ಧ ದಿನ ಸಾಕು. ಹತ್ತು ಗಂಟೆಗೆ ಮೆರವಣಿಗೆ, ಹನ್ನೊಂದಕ್ಕೆ ಭಾಷಣ, ಒಂದಕ್ಕೆ ಊಟದ ಕ್ಯೂ, ಎರಡಕ್ಕೆ ಬಸ್ ಸ್ಟ್ಯಾಂಡು. ಅದೇ ಪದವಿಗೆ ಮಸ್ಕತ್ತಿನಲ್ಲಿ ಮೂರು ದಿನ ಹಿಡಿಯುತ್ತದೆ. ಗುರುವಾರ ಸಂಜೆ ಹತ್ತಿರದವರಿಗೆ ಮನೆಯಲ್ಲಿ. ಶುಕ್ರವಾರ ರಾತ್ರಿ ಸಂಘದವರು, ಕಂಪನಿಯವರು, ಶಾಲೆಯವರು ಎಲ್ಲರಿಗೂ ಹೋಟೆಲಿನ ಬ್ಯಾಂಕ್ವೆಟ್ ಹಾಲಿನಲ್ಲಿ. ಶನಿವಾರ, ಉಳಿದ ಬಿರಿಯಾನಿಯ ನೆಪದಲ್ಲಿ, ಕರೆಯಲು ಮರೆತುಹೋದವರಿಗೆ. ಕರೆಯೋಲೆ ವಾಟ್ಸಾಪಿನಲ್ಲಿ ಬರುತ್ತದೆ. ಅದರಲ್ಲಿ ಕಪ್ಪು ಗೌನು ತೊಟ್ಟು ನಿಂತವನು ಹುಡುಗ. ಆದರೆ ದೊಡ್ಡ ಅಕ್ಷರದಲ್ಲಿ ಇರುವುದು ಅಪ್ಪನ ಹೆಸರು, ಹುದ್ದೆ, ಕಂಪನಿ. ಹುಡುಗ ಏನು ಓದಿದ ಎಂಬುದು ಕೆಳಗೆ, ಪಾರ್ಕಿಂಗ್ ವ್ಯವಸ್ಥೆ ಇದೆ ಎಂಬ ಸಾಲಿನ ಪಕ್ಕ.

ಈ ಅಪ್ಪನನ್ನು ಶೆಟ್ಟರು ಎಂದು ಕರೆಯುತ್ತೇನೆ. ಶೆಟ್ಟರೆಂದರೆ ಯಾರೋ ಒಬ್ಬರಲ್ಲ. ರಾಯರು, ಭಟ್ಟರು, ಪಿಂಟೋ, ಬ್ಯಾರಿ ಎಂದರೂ ನಡೆಯುತ್ತದೆ. ಮೆನು ಬದಲಾಗುತ್ತದೆ ಅಷ್ಟೆ.

ಮೂರು ದಿನದ ಲೆಕ್ಕ ಇಲ್ಲಿನ ವಾರದ ರಜೆಯಿಂದ ಬಂದದ್ದು. 2013ರ ಮೇ ತನಕ ಒಮಾನಿನಲ್ಲಿ ಗುರುವಾರ, ಶುಕ್ರವಾರ ರಜೆ ಇತ್ತು. ಆಮೇಲೆ ಅದು ಶುಕ್ರವಾರ, ಶನಿವಾರವಾಯಿತು. ಊರಿನ ಪಂಚಾಂಗದಲ್ಲಿ ಭಾನುವಾರ ಎಂಥ ಒಳ್ಳೆಯ ಮುಹೂರ್ತವಿದ್ದರೂ ಇಲ್ಲಿ ಉಪಯೋಗವಿಲ್ಲ. ಇಲ್ಲಿ ಭಾನುವಾರವೇ ಸೋಮವಾರ. ಬೆಳಿಗ್ಗೆ ಏಳೂವರೆಗೆ ಕಚೇರಿಯಲ್ಲಿ ಬೆರಳೊತ್ತಬೇಕು. ಹಾಗಾಗಿ ಹುಟ್ಟುಹಬ್ಬ, ಸತ್ಯನಾರಾಯಣ ಪೂಜೆ, ಯಕ್ಷಗಾನ, ಈಗ ಗ್ರ್ಯಾಜುಯೇಶನ್ ಎಲ್ಲವೂ ಜುಮಾ ನಮಾಜು ಮುಗಿದ ಮೇಲಿನ ಸಂದಿಯಲ್ಲಿ ಜರುಗುತ್ತವೆ. ರಾಹುಕಾಲಕ್ಕೆ ರಿಯಾಯಿತಿ ಉಂಟು, ಹಾಲಿನ ಬುಕಿಂಗಿಗೆ ಇಲ್ಲ.

ವಾರಾಂತ್ಯದ ಮಾತು ಬಂದದ್ದಕ್ಕೆ ಒಂದು ಉಪಕಥೆ. ಶುಕ್ರವಾರದ ಪಾರ್ಟಿಯಲ್ಲಿ ಶೆಟ್ಟರ ಭಾವ ಅಮೆರಿಕದಿಂದ ವಿಡಿಯೋ ಕಾಲಿನಲ್ಲಿ ಬಂದರು. ಮೈಕು ಕೈಗೆ ಸಿಕ್ಕದಿದ್ದರೂ ಸ್ಪೀಕರು ಸಿಕ್ಕಿತು. ಅವರ ಮಗಳ ಘಟಿಕೋತ್ಸವ ಶನಿವಾರ ಬಿದ್ದಿತ್ತಂತೆ. ಅವಳ ಜೊತೆ ಓದಿದ ಒಬ್ಬ ಹುಡುಗ ಸಂಪ್ರದಾಯಸ್ಥ ಯಹೂದಿ. ಶುಕ್ರವಾರ ಸೂರ್ಯ ಮುಳುಗಿದಲ್ಲಿಂದ ಶನಿವಾರ ರಾತ್ರಿ ನಕ್ಷತ್ರ ಕಾಣುವ ತನಕ ಅವರಿಗೆ ಸಬ್ಬತ್. ಕಾರು ಹತ್ತುವ ಹಾಗಿಲ್ಲ, ಒಲೆ ಹಚ್ಚುವ ಹಾಗಿಲ್ಲ, ಪೆನ್ನು ಹಿಡಿಯುವ ಹಾಗಿಲ್ಲ, ಫೋನು ಮುಟ್ಟುವ ಹಾಗಿಲ್ಲ. ಮನೆಯವರೆಲ್ಲ ಹಿಂದಿನ ದಿನ ಹೊತ್ತು ಮುಳುಗುವುದರೊಳಗೆ ಬಂದು, ಕಾಲೇಜಿಗೆ ನಡೆದು ಹೋಗುವಷ್ಟು ಹತ್ತಿರ ರೂಮು ಹಿಡಿದಿದ್ದರು. ಬೆಳಿಗ್ಗೆ ಅಜ್ಜಿಯೂ ಸೇರಿ ಎಲ್ಲರೂ ನಡೆದೇ ಬಂದರು. ಹುಡುಗ ವೇದಿಕೆ ಹತ್ತಿದ, ಇಳಿದ. ಅಪ್ಪ, ಅಮ್ಮ ಬರಿಗಣ್ಣಿನಲ್ಲಿ ನೋಡಿದರು. ಒಂದೇ ಒಂದು ಫೋಟೊ ತೆಗೆಯಲಿಲ್ಲ.

ಶೆಟ್ಟರ ಹಾಲಿನಲ್ಲಿ ಒಂದು ಕ್ಷಣ ಯಾರಿಗೂ ಮಾತು ಹೊರಡಲಿಲ್ಲ. ಶೆಟ್ಟರ ಹೆಂಡತಿ ಕೊನೆಗೆ ಎಲ್ಲರ ಸಂಶಯವನ್ನೂ ಕೇಳಿಯೇಬಿಟ್ಟರು: ‘ಫೋಟೊ ಇಲ್ಲದಿದ್ದರೆ ಪಾಸಾದದ್ದು ಗೊತ್ತಾಗುವುದು ಹೇಗೆ ಅಣ್ಣಾ?’

ಪ್ರಶ್ನೆ ಸರಿಯಾದದ್ದೇ. ಅಮೆರಿಕದ ಯಹೂದಿ ಸಮುದಾಯದವರು 1948ರಲ್ಲಿ ಕಟ್ಟಿದ ಬ್ರಾಂಡೈಸ್ ವಿಶ್ವವಿದ್ಯಾಲಯ ಘಟಿಕೋತ್ಸವವನ್ನು ಭಾನುವಾರಕ್ಕೆ ಇಟ್ಟುಕೊಳ್ಳುವುದು ವಾಡಿಕೆ. ಹಾಗಾಗಿ ದೇವರಿಗೂ ಕ್ಯಾಮೆರಾಕ್ಕೂ ಜಗಳವಿಲ್ಲ. ನಮ್ಮಲ್ಲಿ ಅಂಥ ಜಗಳ ಹುಟ್ಟುವುದೇ ಇಲ್ಲ; ಕ್ಯಾಮೆರಾ ಎಂದೋ ಗೆದ್ದಾಗಿದೆ. ಮಗ ವೇದಿಕೆಯ ಮೇಲಿದ್ದಾಗ ಅವನನ್ನು ನೋಡುವವರು ಯಾರೂ ಇರುವುದಿಲ್ಲ. ಎಲ್ಲರೂ ಅಂಗೈಯಗಲದ ಪರದೆಯಲ್ಲಿ ಅವನು ಸರಿಯಾಗಿ ಬಿದ್ದನೋ ಎಂದು ನೋಡುತ್ತಿರುತ್ತಾರೆ.

ಭಾವನ ಕಥೆ ಕೇಳಿ ‘ನಮ್ಮ ಗಲ್ಫಿಗೂ ಯಹೂದಿಗಳಿಗೂ ಎಂತ ಸಂಬಂಧ ಮಾರಾಯ್ರೆ’ ಎಂದು ನಕ್ಕವರಿದ್ದರು. ಉಂಟು. ಬಾಗ್ದಾದಿನಲ್ಲಿ ದಾವೂದ್ ಪಾಶಾನ ಕಾಟ ತಾಳಲಾರದೆ ಕೆಲವು ಯಹೂದಿ ಕುಟುಂಬಗಳು 1828ರಲ್ಲಿ ಮಸ್ಕತ್ತಿಗೆ ಬಂದು ನೆಲೆ ನಿಂತವು. ಈಸ್ಟ್ ಇಂಡಿಯಾ ಕಂಪನಿಯ ನೌಕಾಧಿಕಾರಿ ವೆಲ್‌ಸ್ಟೆಡ್ ಅದನ್ನು ಬರೆದಿಟ್ಟಿದ್ದಾನೆ. ಬೇರೆ ಕಡೆ ಇದ್ದಂತೆ ಮೈಮೇಲೆ ಗುರುತಿನ ಬಟ್ಟೆ ತೊಟ್ಟು ತಿರುಗಬೇಕಾದ ಕಟ್ಟಳೆ ಅವರಿಗೆ ಇಲ್ಲಿರಲಿಲ್ಲ. ಈಗ ಆ ಕುಟುಂಬಗಳಿಲ್ಲ. ಗುರುತಿನ ಪಟ್ಟಿಯನ್ನು ನಾವೇ ಸಂತೋಷದಿಂದ ಕೊರಳಿಗೆ ಹಾಕಿಕೊಂಡಿದ್ದೇವೆ. ಶುಕ್ರವಾರ ರಾತ್ರಿ ಮಗನ ಪಾರ್ಟಿಗೂ ಕಂಪನಿಯ ಐಡಿ ಕಾರ್ಡು ನೇತುಹಾಕಿಕೊಂಡು ಬಂದವರು ಆ ಹಾಲಿನಲ್ಲಿ ಕಡಿಮೆಯಿರಲಿಲ್ಲ.

ಸಂಬಂಧ ಅದಕ್ಕಿಂತಲೂ ಹಳೆಯದು. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಟುನೀಶಿಯದಿಂದ ಹೊರಟು, ಏಡನ್ ದಾಟಿ, ಮಂಗಳೂರಿಗೆ ಬಂದು ಹದಿನೇಳು ವರ್ಷದಷ್ಟು ಕಾಲ ಅಲ್ಲಿದ್ದು 1149ರಲ್ಲಿ ಹಿಂದಿರುಗಿದ. ಅವನ ಆಳು, ಏಜೆಂಟು ಎಲ್ಲ ಆಗಿದ್ದವನ ಹೆಸರು ಬೊಮ್ಮ. ಅಮಿತಾವ್ ಘೋಷ್ ಈ ಬೊಮ್ಮನ ಬೆನ್ನು ಹತ್ತಿ 1992ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಆತ ತುಳುನಾಡಿನವನೆಂದು ಅವರ ತರ್ಕ. ಧಣಿಯ ಸರಕು ತೆಗೆದುಕೊಂಡು ಏಡನ್ನಿಗೆ ಹೋಗಿ ಬರುವುದು ಬೊಮ್ಮನ ಕೆಲಸ. ಅಲ್ಲಿ ಒಮ್ಮೆ ಕುಡಿದು, ಧಣಿಯ ಸ್ನೇಹಿತನ ಹತ್ತಿರ ದುಡ್ಡು ಕೇಳಿದ ದೂರು ಕೂಡ ಕೈರೋದ ಸಿನಗಾಗಿನಲ್ಲಿ ಸಿಕ್ಕಿದ ಕಾಗದಗಳಲ್ಲಿದೆ. ನಮ್ಮವರ ಪೈಕಿ ಮೊದಲ ಗಲ್ಫ್ ರಿಟರ್ನ್ ಇವನೇ ಇರಬೇಕು, ಲಕ್ಷಣಗಳೆಲ್ಲ ಕೂಡಿಬಂದಿವೆ. ಬೊಮ್ಮನಿಗೆ ಪದವಿಯಿರಲಿಲ್ಲ. ಆದರೆ ಏಡನ್ನಿನ ವ್ಯಾಪಾರಿಗಳು ಬೆನ್ ಯಿಜುವಿಗೆ ಬರೆದ ಕಾಗದದ ಕೊನೆಗೆ ಬೊಮ್ಮನಿಗೂ ನಮಸ್ಕಾರ ತಿಳಿಸುತ್ತಿದ್ದರು. ಅವನು ಲೆಕ್ಕ ಸರಿಯಾಗಿ ಒಪ್ಪಿಸುತ್ತಿದ್ದ ಎಂಬುದಷ್ಟೇ ಅವನ ಸರ್ಟಿಫಿಕೇಟು.

ಶೆಟ್ಟರ ಮಗನ ಸರ್ಟಿಫಿಕೇಟುಗಳಿಗೆ ಒಂದು ಸೂಟ್‌ಕೇಸ್ ಬೇಕು. ಅವನು ಮೊದಲ ಸಲ ಗೌನು ತೊಟ್ಟದ್ದು ಯುಕೆಜಿ ಮುಗಿದಾಗ. ಹಲ್ಲು ಬಿದ್ದ ಮಕ್ಕಳಿಗೆ ಕಪ್ಪು ಟೋಪಿ ತೊಡಿಸಿ, ಕೈಗೆ ರಿಬ್ಬನ್ ಕಟ್ಟಿದ ಕಾಗದದ ಸುರುಳಿ ಕೊಟ್ಟು, ‘ಇಂದಿನಿಂದ ನೀನು ಒಂದನೇ ಕ್ಲಾಸಿಗೆ ಯೋಗ್ಯ’ ಎಂದು ಘೋಷಿಸುವ ಪದ್ಧತಿ ಗಲ್ಫಿನ ನಮ್ಮ ಶಾಲೆಗಳಲ್ಲಿ ಬೇರೂರಿದೆ. ಮಗುವಿಗೆ ಅಳು, ಅಮ್ಮನಿಗೆ ಆನಂದಬಾಷ್ಪ. ಹತ್ತನೇ ತರಗತಿಗೆ ಒಮ್ಮೆ ಶಾಲು, ಹನ್ನೆರಡಕ್ಕೆ ಮತ್ತೆ ಗೌನು, ಟೋಪಿಯ ಗೊಂಡೆಯನ್ನು ಬಲದಿಂದ ಎಡಕ್ಕೆ ಸರಿಸುವ ಅಮೆರಿಕದ ಶಾಸ್ತ್ರ. ಹುಡುಗ ಕಾಲೇಜಿನ ನಿಜವಾದ ಘಟಿಕೋತ್ಸವಕ್ಕೆ ಬಂದು ನಿಲ್ಲುವಷ್ಟರಲ್ಲಿ ಅವನಿಗೆ ಗೌನು ಹಾಕುವುದರಲ್ಲಿ ಸಾಕಷ್ಟು ಅನುಭವವಾಗಿರುತ್ತದೆ.

ಆ ಗೌನೋ, ಯೂರೋಪಿನ ಚಳಿಗೆ ಪಾದ್ರಿಗಳು ಹೊದ್ದದ್ದು. 2010ರ ಏಪ್ರಿಲಿನಲ್ಲಿ ಕೇಂದ್ರ ಮಂತ್ರಿ ಜೈರಾಂ ರಮೇಶ್ ಭೋಪಾಲಿನ ಅರಣ್ಯ ಸಂಸ್ಥೆಯ ಘಟಿಕೋತ್ಸವದಲ್ಲಿ ಅದು ವಸಾಹತು ಕಾಲದ ಅನಾಗರಿಕ ಪಳೆಯುಳಿಕೆ ಎಂದು ವೇದಿಕೆಯಲ್ಲೇ ಕಳಚಿಟ್ಟರು. 2019ರಲ್ಲಿ ಯುಜಿಸಿ ಕೈಮಗ್ಗದ ಉಡುಪು ಬಳಸಿ ಎಂದು ವಿಶ್ವವಿದ್ಯಾಲಯಗಳಿಗೆ ಪತ್ರ ಬರೆಯಿತು. ಹೀಗೆ ಭಾರತದಲ್ಲಿ ಕಳಚಿದ ಗೌನುಗಳೆಲ್ಲ ಎಲ್ಲಿ ಹೋದವು ಎಂದು ಯಾರಾದರೂ ಕೇಳಿದರೆ ಮಸ್ಕತ್ತಿನ ರೂವಿಯ ದರ್ಜಿಗಳ ವಿಳಾಸ ಕೊಡಬಹುದು. ಹೊರಗೆ ನಲವತ್ತಮೂರು ಡಿಗ್ರಿ. ಪಾರ್ಕಿಂಗಿನಿಂದ ಹಾಲಿನ ಬಾಗಿಲಿಗೆ ಬರುವಷ್ಟರಲ್ಲಿ ಪದವೀಧರನು ಬೆವತು ತೊಪ್ಪೆಯಾಗಿದ್ದ. ಬಾಗಿಲಲ್ಲಿ ನಿಂತ ಒಮಾನಿ ಸೆಕ್ಯುರಿಟಿಯವನು, ಬಿಳಿ ದಿಶ್‌ದಾಶದಲ್ಲಿ ತಣ್ಣಗೆ, ಈ ಕಪ್ಪು ಮೆರವಣಿಗೆಯನ್ನು ಬಹಳ ಗೌರವದಿಂದ ನೋಡಿದ. ಶವಸಂಸ್ಕಾರ ಎಂದುಕೊಂಡಿದ್ದರೂ ಇರಬಹುದು.

ಕಾಲೇಜು ಸೇರಿಸಿದ ಕಥೆಯನ್ನು ಯಾರೂ ಕೇಳದಿದ್ದರೂ ಶೆಟ್ಟರು ಹೇಳುತ್ತಾರೆ. ಎನ್‌ಐಟಿಗಳಲ್ಲಿ ‘ಕೊಲ್ಲಿ ದೇಶಗಳಲ್ಲಿ ದುಡಿಯುವ ಭಾರತೀಯರ ಮಕ್ಕಳು’ ಎಂದು ಒಂದು ವರ್ಗವಿದೆ. ಅಮೆರಿಕದವರ ಮಕ್ಕಳು ಡಾಲರಿನಲ್ಲಿ ಶುಲ್ಕ ಕಟ್ಟಿದರೆ ಇವರದ್ದು ಊರಿನವರಷ್ಟೇ. ಮಸ್ಕತ್ತಿನಲ್ಲಿ ಜನರಲ್ ಮ್ಯಾನೇಜರ್ ಆಗಿರುವ, ಸಂಘದ ಬ್ಯಾನರಿನಲ್ಲಿ ಉದ್ಯಮಿ ಎಂದು ಹಾಕಿಸಿಕೊಳ್ಳುವ ಶೆಟ್ಟರು, ಆ ಒಂದು ಅರ್ಜಿಯಲ್ಲಿ ಮಾತ್ರ ಸಂತೋಷದಿಂದ ಕಾರ್ಮಿಕರಾದರು. ಅಲ್ಲಿ ಸೀಟು ಸಿಕ್ಕದಿದ್ದರೆ ಎಂದು ಖಾಸಗಿ ಕಾಲೇಜಿನ ಎನ್‌ಆರ್‌ಐ ಸೀಟಿಗೂ ಬೇರೆ ಅರ್ಜಿ ಹೋಗಿತ್ತು. ಅದರಲ್ಲಿ ಅವರು ಮತ್ತೆ ಶ್ರೀಮಂತರು. ಒಂದೇ ವಾರದಲ್ಲಿ ಒಬ್ಬನೇ ಮನುಷ್ಯ ಬಡವನೂ ಸಾಹುಕಾರನೂ ಆಗಿ ಎರಡೂ ಕಡೆ ಸಹಿ ಹಾಕಿದ. ಕೊನೆಗೆ ಕೈಹಿಡಿದದ್ದು ಸಾಹುಕಾರನ ಅರ್ಜಿ. ರಿಯಾಲನ್ನು 1986ರಿಂದ 2.60 ಡಾಲರಿಗೆ ಕಟ್ಟಿಹಾಕಿದ್ದಾರೆ, ಅದು ಅಲ್ಲಾಡುವುದಿಲ್ಲ. ಕರಾವಳಿಯ ಕಾಲೇಜಿನ ಎನ್‌ಆರ್‌ಐ ಫೀಸನ್ನು ಯಾರೂ ಕಟ್ಟಿಹಾಕಿಲ್ಲ.

ನಾಲ್ಕು ವರ್ಷ ಕಳೆಯಿತು. ಹುಡುಗ ಮೇ ತಿಂಗಳಲ್ಲಿ ಓದು ಮುಗಿಸಿದ, ಘಟಿಕೋತ್ಸವದ ತಾರೀಖು ಬಿದ್ದದ್ದು ನವೆಂಬರಿನಲ್ಲಿ. ಹೆಂಡತಿ ಊರಿಗೆ ಹೋದರು. ಶೆಟ್ಟರಿಗೆ ರಜೆ ಸಿಗಲಿಲ್ಲ. ಪ್ರಾಜೆಕ್ಟ್ ಹ್ಯಾಂಡೋವರ್ ಇತ್ತು, ವೀಸಾ ಕೊಟ್ಟ ಧಣಿ ಕಫೀಲ್ ಒಪ್ಪಲಿಲ್ಲ. ಯೂಟ್ಯೂಬಿನಲ್ಲಿ ನೇರ ಪ್ರಸಾರ ನೋಡಿದರು. ಸರಿಯಾಗಿ ಮಗನ ಹೆಸರು ಬರುವ ಹೊತ್ತಿಗೆ ಪರದೆಯ ಮೇಲೆ ಚಕ್ರ ತಿರುಗಿತು. ಚಕ್ರ ನಿಂತಾಗ ಬೇರೆ ಯಾರದೋ ಮಗ ಇಳಿದು ಹೋಗುತ್ತಿದ್ದ.

ಘಟಿಕೋತ್ಸವಕ್ಕೆ ಬರಲಾಗದ ವಿದ್ಯಾರ್ಥಿಗೆ ಗೈರುಹಾಜರಿಯಲ್ಲೇ ಪದವಿ ಕೊಡುವ ಕ್ರಮವಿದೆ; ಅದಕ್ಕೊಂದು ಅರ್ಜಿ, ಅದಕ್ಕೊಂದು ಫೀಸು. ಗೈರುಹಾಜರಿಯಲ್ಲಿ ಅಪ್ಪನಾದವರಿಗೆ ಅಂಥ ಅರ್ಜಿಯಿಲ್ಲ. ಈ ಮಗ ಹುಟ್ಟಿದಾಗ ಶೆಟ್ಟರು ಸೊಹಾರಿನ ಸೈಟಿನಲ್ಲಿದ್ದರು. ನಾಮಕರಣಕ್ಕೆ ಸಲಾಲದಲ್ಲಿ. ತಮ್ಮ ಅಮ್ಮ ತೀರಿಹೋದಾಗ ವಿಮಾನದಲ್ಲಿ. ಈ ಲೆಕ್ಕವನ್ನು ಅವರು ಯಾರಿಗೂ ಹೇಳುವುದಿಲ್ಲ. ಮೂರು ದಿನದ ಪಾರ್ಟಿ ಕೊಡುತ್ತಾರೆ. ಅಲ್ಲಿ ತಪ್ಪಿಹೋದದ್ದನ್ನು ಇಲ್ಲಿ ಬ್ಯಾಂಕ್ವೆಟ್ ಹಾಲಿನಲ್ಲಿ ಮತ್ತೆ ಮಾಡಿಸಿಕೊಂಡರು. ಮಗ ಇನ್ನೊಮ್ಮೆ ಗೌನು ತೊಟ್ಟ. ಸಂಘದ ಅಧ್ಯಕ್ಷರು ಕುಲಪತಿಯಾದರು. ಕಲರ್ ಜೆರಾಕ್ಸ್ ಮಾಡಿಸಿದ ಪದವಿಪತ್ರವನ್ನು ಅಧ್ಯಕ್ಷರು ಕೊಡಲು, ಚಪ್ಪಾಳೆ ಬೀಳಲು, ಅದನ್ನು ಶೆಟ್ಟರೇ ಮುಂದೆ ಬಂದು ತೆಗೆದುಕೊಂಡರು. ಮಗ ಪಕ್ಕದಲ್ಲಿ ನಿಂತಿದ್ದ. ನಗಲು ನನಗೂ ಸ್ವಲ್ಪ ಕಷ್ಟವಾಯಿತು ಎನ್ನಿ.

ಜೆರಾಕ್ಸ್ ಏಕೆಂದರೆ ಮೂಲಪ್ರತಿ ಪ್ರವಾಸದಲ್ಲಿತ್ತು. ಕುಲಪತಿಗಳ ಸಹಿ, ವಿಶ್ವವಿದ್ಯಾಲಯದ ಲಾಂಛನ, ಇವೆಲ್ಲ ಊರಿನಲ್ಲಿ ಚೌಕಟ್ಟು ಹಾಕಿಸಲು ಸಾಕು. ಗಲ್ಫಿಗೆ ಅಟೆಸ್ಟೇಶನ್ ಬೇಕು. ಮೊದಲು ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ ಸೀಲು. ಆಮೇಲೆ ವಿದೇಶಾಂಗ ಇಲಾಖೆಯ ಅಪೊಸ್ಟಿಲ್ ಸ್ಟಿಕರು. ಸರ್ಕಾರಿ ಕಾಗದಗಳಿಗೆ ದೇಶದೇಶಗಳು ಪರಸ್ಪರ ಮರ್ಯಾದೆ ಕೊಡಬೇಕೆಂದು ಹೇಗ್ ನಗರದಲ್ಲಿ 1961ರಲ್ಲಿ ಒಪ್ಪಂದವಾಯಿತು. ಭಾರತದಲ್ಲಿ ಅದು 2005ರಲ್ಲಿ ಜಾರಿಗೆ ಬಂತು, ಒಮಾನಿನಲ್ಲಿ 2012ರಲ್ಲಿ. ಹುಡುಗ ನಾಲ್ಕು ವರ್ಷದಲ್ಲಿ ಕಲಿತದ್ದೇನು ಎಂದು ಈ ಸರಪಳಿಯಲ್ಲಿ ಯಾರೂ ಕೇಳುವುದಿಲ್ಲ. ಒಂದು ಸೀಲು ಇನ್ನೊಂದು ಸೀಲನ್ನು ನಂಬುತ್ತದೆ, ಸ್ಟಿಕರು ಸೀಲನ್ನು ನಂಬುತ್ತದೆ. ಏಜೆಂಟನ ವಾಟ್ಸಾಪಿನಲ್ಲಿ ಸ್ಟಿಕರಿನ ಫೋಟೊ ಬಂದ ದಿನ ಶೆಟ್ಟರು ಆಫೀಸಿನಲ್ಲಿ ಹಲ್ವಾ ಹಂಚಿದರು. ನಿಜವಾದ ಘಟಿಕೋತ್ಸವ ಅದೇ.

ಇನ್ನು ಗುರುಗಳು. ಕರೆಯೋಲೆಯಲ್ಲಿ ‘ಗುರುವೃಂದದ ಉಪಸ್ಥಿತಿಯಲ್ಲಿ’ ಎಂದಿತ್ತು. ಹುಡುಗನಿಗೆ ಎಂಟರಿಂದ ಹತ್ತನೇ ತರಗತಿಯವರೆಗೆ ಗಣಿತ ಹೇಳಿಕೊಟ್ಟ ಟೀಚರ್, ಶಿವಮೊಗ್ಗದ ಕಡೆಯವರು, ಹಳೇ ರೇಷ್ಮೆ ಸೀರೆ ಉಟ್ಟು ಹೊತ್ತಿಗೆ ಸರಿಯಾಗಿ ಬಂದರು. ಹಾಗೆ ಬಂದವರು ಅವರೊಬ್ಬರೇ. ಮೊದಲ ಸಾಲಿನ ಟೇಬಲುಗಳು ಕಂಪನಿಯವರಿಗೆ, ಎರಡನೆಯದು ಪ್ರಾಯೋಜಕರಿಗೆ, ಮೂರನೆಯದು ಎರಡನೆಯದರಲ್ಲಿ ಹಿಡಿಯದವರಿಗೆ. ಗುರುವೃಂದವನ್ನು ಅಡುಗೆಮನೆಯ ಬಾಗಿಲ ಪಕ್ಕ, ಫೋಟೊಗ್ರಾಫರನ ಬ್ಯಾಗುಗಳಿದ್ದ ಟೇಬಲಿನಲ್ಲಿ ಕೂರಿಸಲಾಯಿತು.

ಅಧ್ಯಕ್ಷರು ಮೈಕು ಹಿಡಿದು ಗುರುಮಹಿಮೆ ಶುರುಮಾಡಿದರು. ಮಸ್ಕತ್ತಿನಲ್ಲಿ ಗುರುಮಹಿಮೆಯೆಂದರೆ ಒಂದೇ ಕಥೆ. ಸುಲ್ತಾನ್ ಖಾಬೂಸ್ ಯಾರನ್ನೂ ಎದುರುಗೊಳ್ಳಲು ಏರ್‌ಪೋರ್ಟಿಗೆ ಹೋಗುತ್ತಿರಲಿಲ್ಲವಂತೆ. ನಮ್ಮ ರಾಷ್ಟ್ರಪತಿ ಶಂಕರ ದಯಾಳ ಶರ್ಮರು ಬಂದಾಗ ಮಾತ್ರ ತಾವೇ ಹೋಗಿ, ತಾವೇ ಕಾರು ಓಡಿಸಿಕೊಂಡು ಕರೆತಂದರಂತೆ, ಏಕೆಂದರೆ ಪುಣೆಯಲ್ಲಿ ಶರ್ಮರು ಅವರಿಗೆ ಮೇಷ್ಟರಾಗಿದ್ದರಂತೆ. ಪ್ರತಿ ಸೆಪ್ಟೆಂಬರ್ 5ಕ್ಕೆ ಇದು ಹದಿನೈದು ಗ್ರೂಪುಗಳಲ್ಲಿ ಬರುತ್ತದೆ. ನಿಜವೋ ಸುಳ್ಳೋ ಎಂಬ ಚಿಂತೆ ಫಾರ್ವರ್ಡ್ ಒತ್ತುವ ಬೆರಳಿಗಿಲ್ಲ. ಖಾಬೂಸರ ತಂದೆ ಸಯೀದ್ ಬಿನ್ ತೈಮೂರ್ ಅಜ್ಮೀರದ ಮೇಯೋ ಕಾಲೇಜಿನಲ್ಲಿ ಓದಿದ್ದು ಮಾತ್ರ ಇತಿಹಾಸ. ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಏಕೆಂದರೆ ಭಾರತದಲ್ಲಿ ಓದಿ ಹೋದ ಆ ಸುಲ್ತಾನರ ಆಳ್ವಿಕೆ 1970ರಲ್ಲಿ ಮುಗಿದಾಗ ಇಡೀ ಒಮಾನಿನಲ್ಲಿ ಇದ್ದ ಶಾಲೆಗಳು ಮೂರು. ಮಕ್ಕಳು ಸುಮಾರು ಒಂಬೈನೂರು, ಎಲ್ಲ ಗಂಡುಮಕ್ಕಳು.

ಆ ಮೂರು ಶಾಲೆಗಳ ದೆಸೆಯಿಂದಲೇ ನಾವು ಇಲ್ಲಿರುವುದು. ಎಣ್ಣೆಯ ದುಡ್ಡು ಬಂತು, ರಸ್ತೆ, ಆಸ್ಪತ್ರೆ, ಬಂದರು ಕಟ್ಟಬೇಕಾಯಿತು, ಲೆಕ್ಕ ಬರೆಯಲು ಇಲ್ಲಿ ಓದಿದವರಿರಲಿಲ್ಲ. ಮುಂಬೈಯಲ್ಲಿ ಹಡಗು, ವಿಮಾನ ಹತ್ತಿದ ನಮ್ಮ ಹಿರಿಯರು ಬಿ.ಕಾಂ. ಒಂದನ್ನು ಹಿಡಿದು ಇಲ್ಲಿ ಬಂದು ರಾಜರಾದರು. ನಮ್ಮ ಮಕ್ಕಳಿಗೆಂದು 1975ರಲ್ಲಿ ಇಂಡಿಯನ್ ಸ್ಕೂಲ್ ಮಸ್ಕತ್ ಎದ್ದಿತು. ಹೊಸ ಸುಲ್ತಾನ ಖಾಬೂಸರು ಮರದ ನೆರಳಿನಲ್ಲಾದರೂ ಸರಿ ಪಾಠ ನಡೆಯಲಿ ಎಂದರು, 1986ರಲ್ಲಿ ಅವರ ಹೆಸರಿನ ವಿಶ್ವವಿದ್ಯಾಲಯವೂ ಬಾಗಿಲು ತೆರೆಯಿತು. ಅಲ್ಲಿಂದ ಹೊರಬಂದ ಹುಡುಗ ಹುಡುಗಿಯರಿಗೂ ಅಪ್ಪ ಅಮ್ಮ ಇದ್ದಾರೆ, ಅವರೂ ಫೋಟೊ ತೆಗೆದಿದ್ದಾರೆ, ಅವರಿಗೂ ಕೆಲಸ ಬೇಕು. 2018ರ ಜನವರಿಯಲ್ಲಿ ಸರ್ಕಾರ ಎಂಜಿನಿಯರು, ಐಟಿ, ಅಕೌಂಟ್ಸು, ಸೇಲ್ಸು ಎಂದು 87 ಬಗೆಯ ಹುದ್ದೆಗಳಿಗೆ ಹೊರಗಿನವರ ವೀಸಾ ನಿಲ್ಲಿಸಿತು. ಮೊದಲು ಆರು ತಿಂಗಳಿಗೆಂದರು, ಆಮೇಲೆ ಮುಂದುವರಿಸಿದರು.

ಎರಡನೇ ಟೇಬಲಿನಲ್ಲಿ ಈ ಬಗ್ಗೆ ಬಿಸಿ ಚರ್ಚೆ ನಡೆಯಿತು. ‘ಇವರಿಗೆ ಕೆಲಸ ಕಲಿಸಿದ್ದು ನಾವು’ ಎಂದರು ಒಬ್ಬರು. ‘ಈಗ ನಮ್ಮ ಮಕ್ಕಳಿಗೇ ಬಾಗಿಲು’ ಎಂದರು ಇನ್ನೊಬ್ಬರು. ಬೆಂಗಳೂರಿನಲ್ಲಿ ಕನ್ನಡಿಗರಿಗೇ ಕೆಲಸ ಮೀಸಲಿಡಬೇಕು ಎಂಬ ಸಂದೇಶವನ್ನು ಅದೇ ಬೆಳಿಗ್ಗೆ ಗ್ರೂಪಿಗೆ ಹಾಕಿದವರೂ ಇವರೇ. ಒಮಾನಿಯೊಬ್ಬ ಒಮಾನಿನಲ್ಲಿ ಕೇಳಿದರೆ ಅನ್ಯಾಯ, ನಾವು ಜಯನಗರದಲ್ಲಿ ಕೇಳಿದರೆ ಅಸ್ಮಿತೆ. ಇಬ್ಬರಿಗೂ ಹಸಿವು ಒಂದೇ ಎಂದು ಹೇಳಬೇಕೆನಿಸಿತು, ಅಷ್ಟರಲ್ಲಿ ಸ್ಟಾರ್ಟರ್ ಬಂತು.

ಹುಡುಗ ಎಲ್ಲ ಟೇಬಲುಗಳಲ್ಲೂ ಫೋಟೊಕ್ಕೆ ನಿಂತು ಕೊನೆಗೆ ಅಡುಗೆಮನೆಯ ಬಾಗಿಲಿಗೆ ಬಂದ. ಟೀಚರ್ ಅವನ ಟೋಪಿ ಸರಿಮಾಡಿ ಕೇಳಿದರು, ‘ಮುಂದೆ ಎಂತ ಮಾಡ್ತಿ ಮಗಾ?’

‘ಅಪ್ಪನ ಹತ್ತಿರ ಕೇಳಿ ಟೀಚರ್. ನನಗೆ ಇನ್ನೂ ಹೇಳಿಲ್ಲ.’

ಅಪ್ಪ ಅಲ್ಲೇ ಬಂದರು. ಗುರುವೃಂದಕ್ಕೆ ಸ್ಮರಣಿಕೆ ಕೊಡುವುದಿತ್ತು. ಅತ್ತರಿನ ಬಾಟಲಿ, ಹಿಂದೆ ಯಾವುದೋ ಕಂಪನಿಯವರು ಶೆಟ್ಟರಿಗೇ ಕೊಟ್ಟದ್ದು. ಡಬ್ಬದ ಮೇಲಿನ ಚೀಟಿ ಪೂರ್ತಿ ಕಿತ್ತುಬಂದಿರಲಿಲ್ಲ. ಫೋಟೊ ಆಯಿತು. ಶೆಟ್ಟರು ದನಿ ತಗ್ಗಿಸಿ, ‘ಟೀಚರ್, ನಮ್ಮ ಸಣ್ಣವಳು ಒಂಬತ್ತಕ್ಕೆ ಬಂದಳು. ಗಣಿತ ಹತ್ತುವುದೇ ಇಲ್ಲ. ವಾರಕ್ಕೆ ಮೂರು ದಿನ ಮನೆಗೆ ಬಂದು ನೋಡಿದರೆ...’ ಎಂದರು.

‘ಮನೆಪಾಠ ಮಾಡಬಾರದೆಂದು ಶಾಲೆಯವರು ಸರ್ಕ್ಯುಲರ್ ಕಳಿಸಿದ್ದಾರೆ ಸರ್.’

‘ಅದೆಲ್ಲ ಹೊರಗಿನವರಿಗೆ. ನೀವು ಮನೆಯವರಲ್ಲವಾ.’

ಟೀಚರ್ ಸ್ವಲ್ಪ ಹೊತ್ತು ಸುಮ್ಮನಿದ್ದು, ತಿಂಗಳಿಗೆ ಇಷ್ಟು ರಿಯಾಲು ಎಂದು ಮೆಲ್ಲಗೆ ಒಂದು ಸಂಖ್ಯೆ ಹೇಳಿದರು. ವೇದಿಕೆಯಲ್ಲಿ ಮೂರು ಅಂತಸ್ತಿನ ಕೇಕಿಗೆ ಚಾಕು ಇಳಿಯುತ್ತಿತ್ತು, ನೆತ್ತಿಯ ಮೇಲೆ ಸಕ್ಕರೆಯಲ್ಲಿ ಮಾಡಿದ ಗೌನಿನ ಗೊಂಬೆ. ಶೆಟ್ಟರು ಗಲ್ಲ ಕೆರೆದುಕೊಂಡರು.

‘ಸ್ವಲ್ಪ ನೋಡಿ ಹೇಳಿ ಟೀಚರ್. ಈ ತಿಂಗಳು ಖರ್ಚು ಜಾಸ್ತಿಯಾಗಿದೆ.’